ಗೊತ್ತಿಲ್ಲದವರ ಕೈ

ಶಿವಕುಮಾರಿಯ ಪಾಠ ಟಿಪ್ಪಣಿಯ ವಹಿಯಲ್ಲಿ ಅವಳ ನೀಲಿ ಶಾಯಿಗಿಂತ ನನ್ನ ಕೆಂಪು ಶಾಯಿಯೇ ಹೆಚ್ಚಿತ್ತು. ಈಗ ಇದನ್ನು ಹೇಳಲು ನಾಚಿಕೆಯಾಗುತ್ತದೆ. ಆಗ ಮಾತ್ರ ಅದೇ ನನ್ನ ಹೆಮ್ಮೆಯಾಗಿತ್ತು. ಜೋಗೇಶ್ವರಿಯ ಈ ಕನ್ನಡ ಶಾಲೆಯಲ್ಲಿ ಮೂವತ್ತೊಂದು ವರ್ಷ ಕಲಿಸಿ, ಕೊನೆಯ ಆರು ವರ್ಷದಿಂದ ಮುಖ್ಯಾಧ್ಯಾಪಕಿಯ ಕುರ್ಚಿಯಲ್ಲಿ ಕುಳಿತವಳು ನಾನು. ಶೈಲಾ ಟೀಚರ್ ಎಂದರೆ ಮಕ್ಕಳು ಮೆಟ್ಟಿಲ ಮೇಲೆ ಓಡುವುದನ್ನು ನಿಲ್ಲಿಸುತ್ತಾರೆ. ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಧಾರವಾಡದ ತವರಿನವರು ಹೇಳುತ್ತಿದ್ದರು. ಮುಂಬಯಿಗೆ ಬಂದ ಮೇಲೂ ಅದು ಅಲ್ಲಿಂದ ಕದಲಿಲ್ಲ.

ಶಿವಕುಮಾರಿ ಯಾದಗಿರಿ ಕಡೆಯವಳು. ಪಿಯುಸಿ ಮುಗಿಸಿದ ವರ್ಷವೇ ಮದುವೆಯಾಗಿ ಇಲ್ಲಿಗೆ ಬಂದಳು. ಗಂಡ ಅನಿಲ ಹೊಸ ಬಿಲ್ಡಿಂಗ್‌ಗಳಲ್ಲಿ ಟೈಲ್ಸ್ ಕೂರಿಸುವ ಕೆಲಸದವನು. ನಮ್ಮ ಶಾಲೆಗೆ ಅವಳು ಬಂದದ್ದು ಮೌಶಿಯಾಗಿ. ಕಸ ಗುಡಿಸುವುದು, ಗಂಟೆ ಬಾರಿಸುವುದು, ಮಧ್ಯಾಹ್ನ ಮಕ್ಕಳಿಗೆ ಖಿಚಡಿ ಬಡಿಸುವುದು, ಚಿಕ್ಕವರ ಮೂಗು ಒರೆಸುವುದು. ಐದು ವರ್ಷ ಅದನ್ನೇ ಮಾಡಿದಳು. ಆಮೇಲೆ ಮೂರನೇ ತರಗತಿಯ ಟೀಚರ್ ಇದ್ದಕ್ಕಿದ್ದಂತೆ ಕೆಲಸ ಬಿಟ್ಟು ಹೋದರು. ಕನ್ನಡ ಶಾಲೆಗೆ, ಅದೂ ನಾವು ಕೊಡುವ ಸಂಬಳಕ್ಕೆ, ಯಾರೂ ಬರಲಿಲ್ಲ. ಒಂದು ವಾರ ಮಕ್ಕಳನ್ನು ಗಲಾಟೆಯಾಗದಂತೆ ನೋಡಿಕೋ ಎಂದು ನಾನೇ ಅವಳನ್ನು ಆ ತರಗತಿಗೆ ಕಳಿಸಿದೆ. ಆ ಒಂದು ವಾರ ನಾಲ್ಕು ವರ್ಷವಾಯಿತು.

ಅವಳ ಕೈಯಲ್ಲಿ ಮಕ್ಕಳು ಓದಲು ಕಲಿತವು. ನಮ್ಮಲ್ಲಿ ಬರುವವರಲ್ಲಿ ಹೆಚ್ಚಿನವರು ಗೋರೆಗಾಂವ್ ಕಡೆಯ ಕಟ್ಟಡ ಕೆಲಸದವರ ಮಕ್ಕಳು. ಅರ್ಧ ಹಿಂದಿ, ಅರ್ಧ ಕನ್ನಡ, ನಡುವೆ ಮರಾಠಿ. ಅಪ್ಪನ ಸೈಟ್ ಬದಲಾದರೆ ಮಗುವಿನ ಶಾಲೆಯೂ ಬದಲು. ಅಂಥ ಮಕ್ಕಳನ್ನು ಅವಳು ಬೈಯದೆ ಹೊಡೆಯದೆ ದಾರಿಗೆ ತಂದಳು. ಅದನ್ನು ಕಣ್ಣಾರೆ ಕಂಡರೂ ಒಂದು ದಿನವೂ ಅವಳಿಗೆ ಬಾಯಿಬಿಟ್ಟು ಹೇಳಲಿಲ್ಲ. ಹೊಗಳಿದರೆ ಹಾಳಾಗುತ್ತಾರೆ ಎಂಬುದು ನನ್ನ ಅಂದಿನ ತಿಳಿವಳಿಕೆ.

ಅಷ್ಟರಲ್ಲಿ, ತರಬೇತಿಯಿಲ್ಲದವರು ತರಗತಿಯಲ್ಲಿ ನಿಲ್ಲುವಂತಿಲ್ಲ ಎಂದು ಆಡಳಿತ ಮಂಡಳಿ ಗಡುವು ಹಾಕಿತು. ಕೆಲಸ ಮಾಡುತ್ತಲೇ ಓದುವ ಎರಡು ವರ್ಷದ ಶಿಕ್ಷಕ ತರಬೇತಿಯ ಫಾರ್ಮ್ ತಂದು ಅವಳ ಮುಂದೆ ಇಟ್ಟವಳು ನಾನೇ. ವಾರವೆಲ್ಲ ಇಲ್ಲಿ ಪಾಠ, ಶನಿವಾರ ಮಧ್ಯಾಹ್ನ ಮತ್ತು ಭಾನುವಾರ ಬಾಂದ್ರಾದ ಕೇಂದ್ರದಲ್ಲಿ ಕ್ಲಾಸು. ಮನೆಯಲ್ಲಿ ಓದಲು ಜಾಗವಿಲ್ಲ, ಹೊತ್ತೂ ಇಲ್ಲ. ಜೋಗೇಶ್ವರಿಯಿಂದ ಬಾಂದ್ರಾದವರೆಗಿನ ಲೋಕಲ್‌ನಲ್ಲಿ, ಲೇಡೀಸ್ ಡಬ್ಬಿಯ ಬಾಗಿಲ ಹತ್ತಿರ ನಿಂತೇ ಅವಳು ಬಾಲ ಮನಶ್ಶಾಸ್ತ್ರ ಓದಿದಳು. ಬರೆಯುವ ಪರೀಕ್ಷೆಗಳೆಲ್ಲ ಪಾಸಾದವು. ಉಳಿದದ್ದು ಒಂದೇ, ಪರೀಕ್ಷಕರ ಮುಂದೆ ತನ್ನ ತರಗತಿಗೆ ಮೂವತ್ತೈದು ನಿಮಿಷ ಪಾಠ ಮಾಡಿ ತೋರಿಸುವುದು.

ಹೋದ ವರ್ಷ ಅದರಲ್ಲೇ ಮುಗ್ಗರಿಸಿದಳು. ಹೊರಗಿನವರು ಬಂದು ಕುಳಿತದ್ದನ್ನು ಕಂಡು ಮಕ್ಕಳು ಕಲ್ಲಾದವು. ಏನು ಕೇಳಿದರೂ ಒಂದು ಕೈ ಮೇಲೇಳಲಿಲ್ಲ. ಮಕ್ಕಳನ್ನು ನೋಡಿ ಅವಳೂ ಪಾಠ ಮರೆತು ನಿಂತಳು. ‘ತರಗತಿ ಸ್ಪಂದಿಸಲಿಲ್ಲ’ ಎಂದು ಪರೀಕ್ಷಕರು ಬರೆದು ಹೋದರು. ಅಂದು ಗೋರೆಗಾಂವ್‌ನ ನನ್ನ ಮನೆಗೆ ಹೋಗಿ ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ. ಮರುದಿನ ಶಾಲೆಗೆ ಬಂದು ಅವಳನ್ನು ಚೆನ್ನಾಗಿ ಬೈದೆ.

ಇನ್ನೊಂದೇ ಅವಕಾಶವಿತ್ತು. ಅದೂ ಹೋದರೆ ಜೂನ್‌ನಿಂದ ತರಗತಿ ಅವಳದಲ್ಲ. ಏನು ಮಾಡುತ್ತೀ ಎಂದು ಕೇಳಿದಾಗ ಅವಳು ಗೋಡೆಯ ಕಡೆ ನೋಡುತ್ತಾ ಹೇಳಿದಳು:

“ಮತ್ತ ಮೌಶಿ ಆಗ್ತೀನ್ರಿ ಅಕ್ಕೋರ. ಕಸ ಹೊಡಿಯಾಕ ನನಗೇನು ನಾಚಿಕಿ ಇಲ್ಲ. ಆದ್ರ ನನ್ನ ಹುಡುಗ್ರು ಓದೂದನ್ನ ಬಾಗಲದಾಗ ನಿಂತು ಕೇಳಬೇಕಲ್ರಿ.”

ನಮ್ಮ ಕಡೆ ಟೀಚರನ್ನು ಅಕ್ಕೋರು ಎನ್ನುತ್ತಾರೆ. ಇಲ್ಲಿ ಎಲ್ಲರಿಗೂ ನಾನು ಟೀಚರ್, ಅವಳೊಬ್ಬಳಿಗೆ ಅಕ್ಕೋರು. ಆ ಮಾತು ಕೇಳಿದ ಮೇಲೆ ಅವಳನ್ನು ಹೇಗಾದರೂ ಮಾಡಿ ಪಾಸು ಮಾಡಿಸಲೇಬೇಕು ಎಂದು ಹಟ ಹಿಡಿದೆ. ತಪ್ಪು ಶುರುವಾದದ್ದು ಅಲ್ಲಿಯೇ.

ನಮ್ಮ ವೃತ್ತಿಯಲ್ಲಿ ಒಬ್ಬರಿಂದ ಒಬ್ಬರಿಗೆ ಬಾಯಿಂದ ಬಾಯಿಗೆ ಬಂದ ಒಂದು ಉಪಾಯವಿದೆ. ನನ್ನ ಸ್ವಂತ ಪರೀಕ್ಷೆಯ ಹೊತ್ತಿನಲ್ಲಿ ಧಾರವಾಡದ ಒಬ್ಬ ಹಿರಿಯ ಅಕ್ಕೋರು ಅದನ್ನು ನನಗೆ ಹೇಳಿಕೊಟ್ಟಿದ್ದರು. ಪರೀಕ್ಷಕರು ಬಂದಾಗ ಪ್ರಶ್ನೆ ಕೇಳಿದ ಕೂಡಲೇ ಇಡೀ ತರಗತಿ ಕೈ ಎತ್ತಬೇಕು. ಉತ್ತರ ಗೊತ್ತಿದ್ದವರು ಬಲಗೈ, ಗೊತ್ತಿಲ್ಲದವರು ಎಡಗೈ. ಟೀಚರ್ ಬಲಗೈಯವರನ್ನು ಮಾತ್ರ ಎಬ್ಬಿಸಿ ಕೇಳುತ್ತಾಳೆ. ಹಿಂದೆ ಕುಳಿತವರಿಗೆ ಕಾಣುವುದು ಕೈಗಳ ಕಾಡು, ಸರಿಯಾದ ಉತ್ತರ. ನಾನು ಹಾಗೆಯೇ ಪಾಸಾದವಳು.

ಶಿವಕುಮಾರಿಗೆ ಹೇಳಿದೆ. ಅವಳು ಒಪ್ಪಲಿಲ್ಲ. ಗೊತ್ತಿಲ್ಲದ ಕೂಸಿನ ಕೈ ಯಾಕೆ ಸುಳ್ಳು ಹೇಳಬೇಕು ಎಂದು ಮೆತ್ತಗೆ ಕೇಳಿದಳು. ನನ್ನ ಎದುರು ಅವಳು ಬೇಡ ಎಂದದ್ದು ಅದೇ ಮೊದಲು. ದೊಡ್ಡ ಹರಿಶ್ಚಂದ್ರ ಬಂದಳು ಎಂದು ಮನಸ್ಸಿನಲ್ಲೇ ಮೂಗು ಮುರಿದು ಸುಮ್ಮನಾದೆ.

ಸುಮ್ಮನಾದದ್ದು ಬಾಯಿ ಮಾತ್ರ. ಟೀಚರ್ ಆದ ಮೇಲೂ ಅವಳು ಮಧ್ಯಾಹ್ನ ಕೆಳಗಿಳಿದು ಹಾಲವ್ವನ ಜೊತೆ ಖಿಚಡಿ ಬಡಿಸುವುದನ್ನು ಬಿಟ್ಟಿರಲಿಲ್ಲ. ಹಾಲವ್ವ ಈಗಿನ ಮೌಶಿ, ವಯಸ್ಸಾದವಳು, ದೊಡ್ಡ ಪಾತ್ರೆ ಎತ್ತಲಾರಳು. ಊಟಕ್ಕೆ ಮೊದಲಿನ ಆ ಹದಿನೈದು ನಿಮಿಷ ಮೂರನೇ ತರಗತಿ ಒಂಟಿಯಾಗಿ ಕುಳಿತಿರುತ್ತಿತ್ತು. ಪರೀಕ್ಷೆಗೆ ನಾಲ್ಕು ದಿನ ಇರುವಾಗಿನಿಂದ ಆ ಹೊತ್ತಿಗೆ ನಾನು ಒಳಗೆ ಹೋಗಿ ಮಕ್ಕಳಿಗೆ ಕೈ ಎತ್ತುವ ಅಭ್ಯಾಸ ಮಾಡಿಸಿದೆ. ಎಡ, ಬಲ ಎಂದರೆ ಅರ್ಧ ಮಕ್ಕಳು ಒಬ್ಬರ ಮುಖ ಒಬ್ಬರು ನೋಡುತ್ತಿದ್ದವು. ಅದಕ್ಕೇ ಅವರ ಎದುರು ನಿಂತು ಮಾಡಿ ತೋರಿಸಿದೆ. ಗೊತ್ತಿದ್ದವರು ಈ ಕೈ ಎಂದು ನನ್ನ ಬಲಗೈ ಎತ್ತಿದೆ, ಗೊತ್ತಿಲ್ಲದವರು ಈ ಕೈ ಎಂದು ಎಡಗೈ ಎತ್ತಿದೆ. ಇಪ್ಪತ್ತನಾಲ್ಕು ಮಕ್ಕಳೂ ಚಕಚಕನೆ ಎತ್ತಿದವು. ನಿಮ್ಮ ಟೀಚರಿಗೆ ಹೇಳಬೇಡಿ ಎಂದೂ ಕಣ್ಣು ಬಿಟ್ಟು ಹೇಳಿದೆ.

ಪರೀಕ್ಷೆಯ ದಿನ ಬೆಳಿಗ್ಗೆ ಮೆಟ್ಟಿಲ ಹತ್ತಿರ ಶಿವಕುಮಾರಿಯನ್ನು ನಿಲ್ಲಿಸಿಕೊಂಡು, ಮಕ್ಕಳು ತಯಾರಾಗಿದ್ದಾರೆ, ಬಲಗೈ ಎತ್ತಿದವರನ್ನೇ ಎಬ್ಬಿಸು ಎಂದೆ. ಅವಳ ಮುಖ ಬಿಳುಚಿಕೊಂಡಿತು. ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಪರೀಕ್ಷಕರು ಮೆಟ್ಟಿಲು ಹತ್ತಿ ಬಂದರು.

ಅವರ ಹೆಸರು ರಮಾನಾಥ. ಉಡುಪಿ ಕಡೆಯವರು, ಅಳೆದು ತೂಗಿ ಮಾತಾಡುವ ಹಿರಿಯರು. ತರಗತಿಯ ಹಿಂದೆ ಒಂದು ಬೆಂಚಿನ ಮೇಲೆ ಅವರು, ಪಕ್ಕದಲ್ಲಿ ಮಾರ್ಗದರ್ಶಕಿ ಎಂದು ನಾನು. ಮಕ್ಕಳೆಲ್ಲ ನೆಲದ ಮೇಲೆ ಉದ್ದನೆಯ ಚಾಪೆಪಟ್ಟಿ ಹಾಸಿಕೊಂಡು ಕುಳಿತಿದ್ದವು. ಕೆಳಗಿನ ಗಾಳಾದಲ್ಲಿ, ಅಂದರೆ ಸಣ್ಣ ಕಾರ್ಖಾನೆಯಲ್ಲಿ, ತಗಡು ಒತ್ತುವ ಮಶೀನು ಎಂದಿನಂತೆ ಸದ್ದು ಮಾಡುತ್ತಿತ್ತು.

ಪಾಠ ಭಿನ್ನರಾಶಿ. ಪೀಠಿಕೆ ಚೆನ್ನಾಗಿಯೇ ಹೋಯಿತು. ಅರ್ಧ ಎಂದರೇನು, ಕಾಲು ಎಂದರೇನು ಎಂದು ಕಾಗದ ಮಡಚಿ ತೋರಿಸಿದಳು. ಆಮೇಲೆ ಕಪ್ಪು ಹಲಗೆಯ ಕಡೆಯಿಂದ ತಿರುಗಿ, ಒಂದು ವಸ್ತುವಿನ ನಾಲ್ಕನೇ ಒಂದು ಭಾಗ ದೊಡ್ಡದೋ ಎಂಟನೇ ಒಂದು ಭಾಗ ದೊಡ್ಡದೋ ಎಂದು ಕೇಳಿದಳು.

ಇಪ್ಪತ್ತನಾಲ್ಕು ಕೈಗಳು ಒಮ್ಮೆಲೇ ಮೇಲೆದ್ದವು. ರಮಾನಾಥ ಸರ್ ಹುಬ್ಬೇರಿಸಿದರು. ನಾನು ಒಳಗೊಳಗೇ ಬೀಗಿದೆ.

ಶಿವಕುಮಾರಿ ಒಂದು ಗಳಿಗೆ ಆ ಕೈಗಳನ್ನೇ ನೋಡುತ್ತಾ ನಿಂತಳು. ಆಮೇಲೆ, ಬೇರೆ ದಾರಿ ಕಾಣದೆ, ಬಲಗೈ ಎತ್ತಿದ್ದ ಭಾಗವ್ವನನ್ನು ಎಬ್ಬಿಸಿದಳು. ಭಾಗವ್ವ ಎದ್ದು ನಿಂತು ಫ್ರಾಕಿನ ಅಂಚು ಹಿಂಡಿದಳು, ಮಾತಾಡಲಿಲ್ಲ. ಇನ್ನೊಬ್ಬ ಬಲಗೈಯವನು ಚೇತನ. ಅವನು ಎಂಟು ದೊಡ್ಡದು ಎಂದ. ನಾಲ್ಕೈದು ಮಕ್ಕಳು ನಕ್ಕವು. ಮೂರನೆಯವನು ಭೀಮರಾಯ, ಎರಡು ತಿಂಗಳ ಹಿಂದೆ ಊರಿಂದ ಬಂದವನು. ಅವನ ಬಲಗೈ ಎಲ್ಲರಿಗಿಂತ ಮೇಲಿತ್ತು. ಅವಳು ಕರೆದಾಗ ಎದ್ದು ನಿಂತು ತುಟಿ ಕಚ್ಚಿಕೊಂಡ. ಕಣ್ಣಲ್ಲಿ ನೀರು ತುಂಬಿಕೊಂಡು ನನ್ನ ಕಡೆ ನೋಡಿದ, ಆಮೇಲೆ ಅವಳ ಕಡೆ.

“ನಂಗ ಬರಂಗಿಲ್ಲ ಅಂತೇ ಈ ಕೈ ಎತ್ತೀನ್ರಿ ಟೀಚರ್.”

ಆಗ ಹೊಳೆಯಿತು ನನಗೆ. ಎದುರು ನಿಂತು ನಾನು ಬಲಗೈ ಎತ್ತಿದರೆ ಮಕ್ಕಳು ಕನ್ನಡಿಯಲ್ಲಿ ನೋಡಿದ ಹಾಗೆ ಎಡಗೈ ಎತ್ತುತ್ತಾರೆ. ಕವಾಯತು ಮಾಡಿಸುವ ಯಾವ ಮಾಸ್ತರನಿಗೂ ಇದು ಗೊತ್ತು, ಮಕ್ಕಳ ಮುಂದೆ ನಿಂತಾಗ ಅವನು ತನ್ನ ಕೈ ಅದಲು ಬದಲು ಮಾಡಿಕೊಳ್ಳುತ್ತಾನೆ. ನಾನು ಮೂವತ್ತೊಂದು ವರ್ಷದ ಠೇಂಕಾರದಲ್ಲಿ ಅದನ್ನು ಯೋಚಿಸಲೇ ಇಲ್ಲ. ಮಕ್ಕಳು ನಾನು ಕಲಿಸಿದ್ದನ್ನು ಒಂದಿಷ್ಟೂ ತಪ್ಪದೆ ಮಾಡಿದ್ದರು. ಶಿವಕುಮಾರಿಯೂ ನಾನು ಹೇಳಿದ್ದನ್ನು ತಪ್ಪದೆ ಮಾಡಿದ್ದಳು. ಗೊತ್ತಿಲ್ಲದವರನ್ನೇ ಹುಡುಕಿ ಹುಡುಕಿ ಎಬ್ಬಿಸಿ ಪರೀಕ್ಷಕರ ಮುಂದೆ ನಿಲ್ಲಿಸಿದ್ದಳು.

ರಮಾನಾಥ ಸರ್ ಪೆನ್ನು ಎತ್ತಿಕೊಂಡರು. ಶಿವಕುಮಾರಿ ಅದನ್ನು ನೋಡಿದಳು. ಇನ್ನು ಅಳುತ್ತಾಳೆ, ಹೋದ ವರ್ಷದ ಹಾಗೆ ನಿಂತುಬಿಡುತ್ತಾಳೆ, ಎಲ್ಲ ಮುಗಿಯಿತು ಎಂದುಕೊಂಡೆ. ಅವಳು ಪಾಠ ಟಿಪ್ಪಣಿಯ ವಹಿಯನ್ನು ಮುಚ್ಚಿ ಮೇಜಿನ ಮೇಲಿಟ್ಟಳು. ಭೀಮರಾಯನ ಹತ್ತಿರ ಹೋಗಿ ಸೆರಗಿನಿಂದ ಅವನ ಮೂಗು ಒರೆಸಿದಳು.

“ಎಲ್ಲಾರೂ ಕೈ ಇಳಿಸ್ರಿ,” ಎಂದಳು. “ನಿಮ್ಮದು ತಪ್ಪಿಲ್ಲ, ತಪ್ಪು ನಂದು. ಈಗ ಯಾರಿಗೆ ಗೊತ್ತಿಲ್ಲ, ಅವರಷ್ಟ ಎತ್ರಿ. ಯಾವ ಕೈಯಾದ್ರೂ ನಡೀತದ.”

ಮೊದಲು ಭೀಮರಾಯ ಎತ್ತಿದ. ಆಮೇಲೆ ಭಾಗವ್ವ. ಒಂದೊಂದಾಗಿ, ಅಕ್ಕಪಕ್ಕದವರನ್ನು ನೋಡಿಕೊಂಡು, ಹದಿನೇಳು ಕೈಗಳು ಎದ್ದವು. ನಾನು ಎಣಿಸಿದೆ. ನನ್ನ ಇಡೀ ನೌಕರಿಯಲ್ಲಿ ಯಾವ ತರಗತಿಗೂ ನಾನು ಆ ಪ್ರಶ್ನೆ ಕೇಳಿರಲಿಲ್ಲ.

ಥರ್ಮೋಕೋಲಿನಲ್ಲಿ ಮೂರು ದಿನ ಕೂತು ಮಾಡಿದ ಪಾಠೋಪಕರಣ ಗೋಡೆಗೆ ಒರಗಿತ್ತು. ಅವಳು ಅದನ್ನು ಮುಟ್ಟಲಿಲ್ಲ. ಮಕ್ಕಳನ್ನು ಬದಿಗೆ ಸರಿಸಿ, ಪಟ್ಟಿ ಸುತ್ತಿಸಿ, ಬಗ್ಗಿ ಸುಣ್ಣದ ಕಡ್ಡಿಯಿಂದ ನೆಲದ ಮೇಲೆ ದೊಡ್ಡ ಚೌಕ ಎಳೆದಳು. ಇದು ನಮ್ಮ ಖೋಲಿ, ಒಂದೇ ಕೋಣೆಯ ಮನೆ ಎಂದಳು. ನಾಲ್ಕು ಮಂದಿ ಬಂದು ಮಲಗಿರಿ ಎಂದಳು. ನಾಲ್ವರು ಬಂದು ಮಲಗಿದರು. ಭಾಗವ್ವ ಎರಡೂ ಕೈ ಚಾಚಿ ಮಹಾರಾಣಿಯಾದಳು. ಈಗ ಊರಿಂದ ಕಾಕಾ, ಕಾಕಿ, ಅವರ ಮಕ್ಕಳಿಬ್ಬರು ಬಂದರು, ಖೋಲಿ ಅಷ್ಟೇ ಇದೆ, ಎಲ್ಲರೂ ಸಮ ಹಂಚಿಕೊಂಡು ಮಲಗಬೇಕು ಎಂದಳು. ಇನ್ನೂ ನಾಲ್ವರು ಚೌಕದೊಳಗೆ ನುಗ್ಗಿದರು. ಭೀಮರಾಯ ನಡುವೆ ಸಿಕ್ಕಿಬಿದ್ದ. ನಗು, ಕೂಗಾಟ, ಒಬ್ಬರ ಕಾಲು ಇನ್ನೊಬ್ಬರ ಹೊಟ್ಟೆಯ ಮೇಲೆ. ಎಲ್ಲರಿಗೂ ಗೊತ್ತಿದ್ದ ಸಂಗತಿಯೇ ಅದು. ಹಬ್ಬಕ್ಕೆ, ಆಸ್ಪತ್ರೆಗೆ, ಕೆಲಸ ಹುಡುಕಿಕೊಂಡು ಯಾರಾದರೂ ಬಂದಾಗ ಅವರೆಲ್ಲ ಹಾಗೆಯೇ ಮಗ್ಗುಲಾಗಿ ಮಲಗುವ ಮಕ್ಕಳು. ಪರೀಕ್ಷೆಯ ಪಾಠದಲ್ಲಿ ಮಕ್ಕಳು ನೆಲದ ಮೇಲೆ ಮಲಗಿದ್ದನ್ನು ನಾನು ಅಂದೇ ಕಂಡದ್ದು. ರಮಾನಾಥ ಸರ್ ಅವರ ಮುಖ ನೋಡುವ ಧೈರ್ಯ ನನಗಾಗಲಿಲ್ಲ.

ಖೋಲಿ ದೊಡ್ಡದಾಯಿತೇ ಎಂದು ಅವಳು ಕೇಳಿದಳು. ಇಲ್ಲ ಎಂದು ಎಲ್ಲರೂ ಕೂಗಿದರು. ಹಾಗಾದರೆ ಏನಾಯಿತು ಎಂದು ಕೇಳಿದಳು. ನಡುವಿನಿಂದ ಭೀಮರಾಯ ಕತ್ತು ಎತ್ತಿದ.

“ಎಂಟು ದೊಡ್ಡದೇ ಅದ್ರಿ ಟೀಚರ್. ಆದ್ರ ನನ್ನ ಜಾಗಾ ಸಣ್ಣದಾತು.”

ಶಿವಕುಮಾರಿ ಬಾಯಿಗೆ ಕೈ ಅಡ್ಡ ಹಿಡಿದಳು. ಅವಳು ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯಲಿಲ್ಲ. ಹಲಗೆಯ ಹತ್ತಿರ ಹೋಗಿ ಒಂದರ ಕೆಳಗೆ ನಾಲ್ಕು, ಒಂದರ ಕೆಳಗೆ ಎಂಟು ಬರೆದು, ಭಾಗವ್ವ ಮೊದಲು ಮಲಗಿದ ಜಾಗ ಇದು, ಭೀಮರಾಯನಿಗೆ ಸಿಕ್ಕ ಜಾಗ ಇದು ಎಂದಳು. ಚೇತನ ಹಣೆ ಚಚ್ಚಿಕೊಂಡ. ಗಂಟೆ ಹೊಡೆಯಿತು. ಪಾಠದ ಕೊನೆಗೆ ಮಾಡಬೇಕಾದ ಮಕ್ಕಳ ಮೌಲ್ಯಮಾಪನ ಆಗಲಿಲ್ಲ, ಮನೆಗೆಲಸ ಕೊಡಲಿಲ್ಲ, ಟಿಪ್ಪಣಿಯ ಎರಡು ಪುಟ ಹಾಗೆಯೇ ಉಳಿದವು.

ಆಫೀಸಿನಲ್ಲಿ ರಮಾನಾಥ ಸರ್ ನೀರು ಕುಡಿದು ಲೋಟ ಕೆಳಗಿಟ್ಟರು. ಅಂಕದ ಹಾಳೆ ಅವರ ಮುಂದಿತ್ತು. ಶಿವಕುಮಾರಿ ಬಾಗಿಲ ಹತ್ತಿರ, ಮೌಶಿಯಾಗಿದ್ದಾಗ ನಿಲ್ಲುತ್ತಿದ್ದ ಹಾಗೆಯೇ, ಗೋಡೆಗೆ ತಾಗಿ ನಿಂತಿದ್ದಳು.

“ಆ ಮಕ್ಕಳಿಗೆ ಕೈ ಎತ್ತುವ ಪಾಠ ಯಾರು ಹೇಳಿಕೊಟ್ಟರು?” ಎಂದು ಅವರು ಕೇಳಿದರು.

“ನಾನ ರೀ ಸರ್,” ಎಂದಳು ಶಿವಕುಮಾರಿ, ತಡ ಮಾಡದೆ.

ನಾನು ಸುಮ್ಮನಿದ್ದೆ. ಎಷ್ಟು ಹೊತ್ತು ಎಂದು ಈಗ ಹೇಳಲಾರೆ, ಆದರೆ ಸುಮ್ಮನಿದ್ದೆ. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ನನ್ನ ಶಿಸ್ತಿನ ಬಗ್ಗೆ ಮಂಡಳಿಯವರು ಸಭೆ ಸಭೆಯಲ್ಲೂ ಹೇಳುತ್ತಾರೆ. ಅವಳು ಹೇಳಿಯಾಯಿತು, ನಾನು ಬಾಯಿ ಬಿಡದಿದ್ದರೆ ಅದು ಅಲ್ಲಿಗೇ ಮುಗಿಯುತ್ತಿತ್ತು. ಅವಳ ನೌಕರಿಯೂ ಮುಗಿಯುತ್ತಿತ್ತು. ಅವಳು ನನ್ನ ಕಡೆ ನೋಡಲೂ ಇಲ್ಲ. ನೋಡಿದರೆ ಎಲ್ಲಿ ನನ್ನ ಗುಟ್ಟು ಬಯಲಾದೀತೋ ಎಂದು ನೆಲ ನೋಡುತ್ತಿದ್ದಳು.

“ಅವಳಲ್ಲ ಸರ್, ನಾನು,” ಎಂದೆ. “ಆಕಿ ಬ್ಯಾಡ ಅಂದಿದ್ದಳು. ಆಕಿಗೆ ಗೊತ್ತಿಲ್ಲದಂಗ ಮಾಡಿಸಿದೆ. ಅದನ್ನೂ ತಪ್ಪು ಮಾಡಿಸಿದೆ.”

ಕನ್ನಡಿಯ ಕಥೆಯನ್ನೂ ಬಿಡಿಸಿ ಹೇಳಿದೆ. ರಮಾನಾಥ ಸರ್ ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ನನಗೆ ಒಂದು ಬಿರುನುಡಿಯಾದರೂ ಬರುತ್ತದೆ ಎಂದು ಕಾದೆ. ತಮಗೂ ಒಬ್ಬರು ಇದೇ ಉಪಾಯ ಕಲಿಸಿದ್ದರು ಎಂದರು. ತಮ್ಮ ತರಗತಿಯಲ್ಲಿ ಅದು ಸರಿಯಾಗಿಯೇ ನಡೆಯಿತು, ಆದ್ದರಿಂದ ಎಡಗೈ ಎತ್ತಿದ್ದವರ ಮುಖ ಒಂದೂ ನೆನಪಿಲ್ಲ ಎಂದರು. ಆಮೇಲೆ ಹಾಳೆಯ ಮೇಲೆ ಬರೆಯತೊಡಗಿದರು. ಪಾಠ ಮುಗಿದಿಲ್ಲ, ಟಿಪ್ಪಣಿಯಂತೆ ನಡೆದಿಲ್ಲ, ಅದಕ್ಕೆಲ್ಲ ಅಂಕ ಕಳೆಯಲೇಬೇಕು ಎಂದು ಬರೆಯುತ್ತಲೇ ಹೇಳಿದರು. ಐವತ್ತಕ್ಕೆ ಇಪ್ಪತ್ತೊಂಬತ್ತು ಕೊಟ್ಟರು. ಪಾಸಾಗಲು ಇಪ್ಪತ್ತೈದು ಸಾಕಿತ್ತು.

“ಶಿವಕುಮಾರಿ ಟೀಚರ್,” ಎಂದರು ಹಾಳೆಯನ್ನು ಅವಳ ಕಡೆ ತಿರುಗಿಸುತ್ತಾ, “ಇಲ್ಲಿ ಸಹಿ ಮಾಡಿ.”

ಅವರು ಹೋದ ಮೇಲೆ ಅವಳು ನನ್ನ ಕಾಲು ಮುಟ್ಟಲು ಬಗ್ಗಿದಳು. ನಾನು ಹಿಡಿದು ಎತ್ತಿದೆ. ಹೊಗಳಿಕೆಯ ಮಾತು ಅಭ್ಯಾಸವಿಲ್ಲದ ಬಾಯಿ, ತಡವರಿಸಿತು. ನೀನು ನನಗಿಂತ ಚೆನ್ನಾಗಿ ಕಲಿಸುತ್ತೀ, ಎರಡು ವರ್ಷದಿಂದ ನನಗೆ ಇದು ಗೊತ್ತಿತ್ತು ಎಂದೆ. ಹೋದ ವರ್ಷ ಬಚ್ಚಲಲ್ಲಿ ಅತ್ತದ್ದನ್ನೂ ಹೇಳಿದೆ. ಅವಳು ಅಳುತ್ತಲೇ ನಕ್ಕಳು. ಆಮೇಲೆ, ಒಂದು ಕೆಲಸವಿದೆ, ಸಿಟ್ಟಾಗಬಾರದು ಎಂದಳು. ಮಕ್ಕಳಿಗೆ ಆ ಉಪಾಯ ಹೇಳಿಕೊಟ್ಟದ್ದು ನೀವು, ಅದನ್ನು ಬಿಡಿಸಬೇಕಾದದ್ದೂ ನೀವೇ, ದೊಡ್ಡ ಟೀಚರ್ ಬಾಯಿಂದ ಬಂದರೆ ಮಕ್ಕಳಿಗೆ ಗಟ್ಟಿಯಾಗುತ್ತದೆ ಎಂದಳು. ಪಾಸಾಗಿ ಹತ್ತು ನಿಮಿಷವಾಗಿಲ್ಲ, ನನಗೇ ಪಾಠ ಹೇಳುತ್ತಿದ್ದಾಳೆ ಎಂದು ರೇಗಬೇಕಿತ್ತು. ರೇಗಲಿಲ್ಲ.

ಮರುದಿನ ಮೊದಲ ಪಿರಿಯಡ್‌ಗೆ ಮೂರನೇ ತರಗತಿಗೆ ಹೋದೆ. ಇಪ್ಪತ್ತನಾಲ್ಕು ಮಕ್ಕಳೂ ಎದ್ದು ನಿಂತವು. ಕುಳಿತುಕೊಳ್ಳಿ ಎಂದು ಹೇಳಿ ನಾನು ನಿಂತೇ ಇದ್ದೆ. ನಿಮಗೆ ಒಂದು ತಪ್ಪು ಕಲಿಸಿದ್ದೆ, ಅದನ್ನು ಮರೆತುಬಿಡಿ ಎಂದೆ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಬಹುದು, ಯಾರ ಮುಂದೆಯೂ ಅನ್ನಬಹುದು ಎಂದೆ. ಭೀಮರಾಯ ನಿಧಾನವಾಗಿ ಎದ್ದು ನಿಂತ.

“ನಿಮ್ಮ ಮುಂದನೂ ಅನ್ನಬೌದೇನ್ರಿ?” ಎಂದು ಕೇಳಿದ. “ಬೈಯಂಗಿಲ್ಲೇನು?”

ಬೈಯುವುದಿಲ್ಲ ಎಂದೆ. ಅವನು ನಂಬಲಿಲ್ಲ. ನನ್ನ ಪಕ್ಕದಿಂದ ಇಣುಕಿ ಹಲಗೆಯ ಹತ್ತಿರ ನಿಂತಿದ್ದ ಶಿವಕುಮಾರಿಯ ಮುಖ ನೋಡಿದ. ಅವಳು ಹೌದು ಎಂದು ತಲೆಯಾಡಿಸಿದಳು. ಆಗ ಅವನು ಕುಳಿತುಕೊಂಡ.